ಎಣ್ಣೆ ಹಾಕಿದವನು

ಇಂಜಿನ್ ಚಾಲೂ ಇಟ್ಟುಕೊಂಡೇ ವಿಜಯಕುಮಾರ್ ಗೇರ್ ಎಣ್ಣೆಯ ಕಡ್ಡಿ ಎಳೆದು ಬಟ್ಟೆಗೆ ಒರೆಸಿದ. ಕೆಂಪಗಿರಬೇಕಾದ ಎಣ್ಣೆ ಕರ್ರಗಾಗಿತ್ತು, ಸುಟ್ಟ ವಾಸನೆ ಬೇರೆ. ಅದೂ ಕಡ್ಡಿಯ ತುದಿಗಷ್ಟೇ ತಾಗಿತ್ತು.

"ಸಾರ್, ಇದನ್ನ ಪೂರ್ತಿ ಇಳ್ಸಿ ಒಸದು ಆಕ್ಬೇಕು. ಏರಲ್ಲಿ ಗಾಡಿ ಎಳೀತಿಲ್ಲ."

"ಈ ಅಳೇ ಡಬ್ಬಾಕ್ಕೆ ಎಣ್ಣೆ ಗಿಣ್ಣೆ ಬ್ಯಾಡ ಕಣ್ಲಾ. ಓಡೋ ಗಂಟ ಓಡ್ಸು," ಎಂದ ಕಾರಿನ ಮಾಲೀಕ, ಬಂಗಾರಪೇಟೆಯ ಜಲ್ಲಿ ಕ್ರಷರ್ ವೆಂಕಟೇಶಪ್ಪ.

ಅವನಿಗೆ ತಿರುಗಾಡಲು ದೊಡ್ಡ ಗಾಡಿ ಇದೆ. ಈ ಸಣ್ಣ ಆಟೋಮ್ಯಾಟಿಕ್ ಕಾರನ್ನು ಬಾಡಿಗೆಗೆ ಓಡಿಸಿಯೇ, ಚಿನ್ನದ ಗಣಿ ಕಾರ್ಮಿಕರ ಸಾಲುಮನೆಗಳಾದ ನಂದಿದುರ್ಗದ ಲೈನಿನಲ್ಲಿ, ವಿಜಯಕುಮಾರನ ಮನೆಯ ಒಲೆ ಉರಿಯಬೇಕು. ಅವನ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ, ಅವನು ಕೆಮ್ಮಿದರೂ ನಮಗೆ ಕೇಳುತ್ತದೆ. ಅದಕ್ಕೇ ಖಂಡಿತವಾಗಿ ಹೇಳುತ್ತೇನೆ, ಅವನು ಕುಡಿಯುವವನಲ್ಲ.

ಮಾರನೆಯ ಬೆಳಿಗ್ಗೆ ತನ್ನ ಕೈಯಿಂದಲೇ ದುಡ್ಡು ಹಾಕಿ ಅರ್ಧ ಲೀಟರ್ ಎಣ್ಣೆ ತಂದು ಸುರಿದ. ಸುಟ್ಟ ಗೇರಿಗೆ ಅಷ್ಟರಿಂದ ಏನಾಗುತ್ತದೆ? ಕಾಮಸಮುದ್ರದ ದಾರಿಯ ಏರಿನಲ್ಲಿ ಇಂಜಿನ್ ಅರಚಿತು, ಗಾಡಿ ಮುಂದೆ ಹೋಗಲಿಲ್ಲ. ಬ್ರೇಕ್ ತುಳಿಯುವಷ್ಟರಲ್ಲಿ ಹಿಂದಕ್ಕೆ ಜಾರಿ, ಹಾಲಿನ ಕ್ಯಾನು ಕಟ್ಟಿಕೊಂಡು ಬರುತ್ತಿದ್ದ ದೊಡ್ಡವೆಂಕಟಪ್ಪನ ಬೈಕಿಗೆ ಗುದ್ದಿತು. ಪಾಪ, ಮುದುಕನ ಕಾಲು ಮುರಿಯಿತು.

ಜನ ಸೇರಿದರು. ವೆಂಕಟೇಶಪ್ಪ ಬಂದ. ಪೊಲೀಸಿನವನೂ ಬಂದ.

"ಏನ್ಲಾ, ಎಣ್ಣೆ ಆಕಿದ್ದೀಯಾ?" ಎಂದ ಪೊಲೀಸಿನವನು.

"ಊಂ ಸಾರ್, ಬೆಳಿಗ್ಗೇನೇ ಆಕ್ದೆ. ಅರ್ಧ ಲೀಟ್ರು."

ಜನ ಹೋ ಎಂದು ನಕ್ಕರು. ಯಾರೋ ಫೋನಿನಲ್ಲಿ ವಿಡಿಯೋ ಹಿಡಿದುಕೊಂಡರು.

ನಮ್ಮ ಲೈನುಗಳಲ್ಲಿ ಮನೆಮಾತು ತಮಿಳು. ಕುಡಿತಕ್ಕೆ ನಾವು 'ತಣ್ಣಿ' ಅನ್ನುತ್ತೇವೆ, ಎಣ್ಣೆ ಅಂದರೆ ಎಣ್ಣೆಯೇ. ಬಂಗಾರಪೇಟೆಯ ಕನ್ನಡದಲ್ಲಿ ಎಣ್ಣೆಗೆ ಬೇರೆ ಅರ್ಥವಿದೆ ಎಂದು ಅವನಿಗೂ ಗೊತ್ತಿತ್ತು. ಆದರೆ ಆ ಗಾಬರಿಯಲ್ಲಿ ತಲೆಯೊಳಗೆ ಇದ್ದದ್ದು ಗೇರ್ ಬಾಕ್ಸ್ ಒಂದೇ.

"ಅಯ್ಯೋ, ಗಾಡಿಗೆ ಆಕಿದ್ದು ಸಾರ್! ಓನರನ್ನ ಕೇಳಿ!"

ವೆಂಕಟೇಶಪ್ಪ ಕಣ್ಣು ಕೂಡ ಮಿಟುಕಿಸಲಿಲ್ಲ. "ಎಣ್ಣೆ ಬ್ಯಾಡ ಕಣ್ಲಾ ಅಂತ ನಿನ್ನೇನೂ ಏಳ್ದೆ ಸಾರ್. ಕೇಳ್ಲಿಲ್ಲ ನನ್ಮಗ."

ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ಥೂ, ಅದಕ್ಕೇ ಹೊಟ್ಟೆ ಉರಿಯುವುದು.

"ಊದ್ಸಿ ನೋಡಿ ಸಾರ್! ರಕ್ತ ತೆಗ್ಸಿ!"

"ನೀನೇ ಒಪ್ಕೊಂಡ್ಯಲ್ಲಾ. ಇನ್ಯಾಕೆ ಮಿಷನ್ನು?"

ಲೈಸೆನ್ಸ್ ಕಿತ್ತುಕೊಂಡರು. ಕೆಲಸವೂ ಅಲ್ಲೇ ಹೋಯಿತು. ಸಂಜೆ ಅವನು ನಡೆದು ಬರುವ ಮೊದಲೇ ವಿಡಿಯೋ ಲೈನಿಗೆ ಬಂದು ಕೂತಿತ್ತು. ಅವನ ಹೆಂಡತಿ ಅಂಬಿಕ ಬಾಗಿಲಲ್ಲೇ ತಡೆದಳು.

"ಏಂಗ, ತಣ್ಣಿ ಪೋಟ್ಟೀಂಗಳಾ?" ರೀ, ತಣ್ಣಿ ಹಾಕಿದ್ದೀರಾ?

ಅವನು ಬಾಯಿ ತೆರೆದು ನಿಂತ. ಅವಳು ಹತ್ತಿರ ಹೋಗಿ ಮೂಸಿದಳು. ಆಮೇಲೆ ನಮ್ಮ ಕಡೆ ತಿರುಗಿ ಕಿರುಚಿದಳು, "ಬನ್ನಿ, ಎಲ್ರೂ ಬಂದು ಮೂಸಿ ನೋಡಿ!"

ನಾನು ಹೋದೆ. ಎದುರು ಮನೆಯ ಮಾರಿಯಮ್ಮ ಬಂದಳು. ಇಡೀ ಲೈನೇ ಬಂತು. ಗಂಡಸೊಬ್ಬ ಬಾಯಿ ತೆರೆದುಕೊಂಡು ನಿಂತಿದ್ದಾನೆ, ಕಣ್ಣಲ್ಲಿ ನೀರು, ಒಬ್ಬೊಬ್ಬರೇ ಮೂಸುತ್ತಿದ್ದೇವೆ. ಇಂಥ ಗತಿ ಯಾರಿಗೂ ಬೇಡ.

ಅಲ್ಲಿಂದಲೇ ಎಲ್ಲರೂ ಸಾಕ್ಷಿ ಹೇಳಲು ಸ್ಟೇಷನ್ನಿಗೆ ಹೊರಟೆವು. ಬಾಗಿಲಲ್ಲಿ ಅದೇ ಪೊಲೀಸಿನವನು ಕೂತಿದ್ದ. ನಾವು ಬಾಯಿ ತೆರೆಯುವ ಮೊದಲೇ ಮೂಗು ಮುಚ್ಚಿಕೊಂಡ.

"ಏನ್ರಲಾ, ಇಡೀ ಲೈನೇ ಆಕ್ಕಂಡ್ ಬಂದೈತಾ?"