ಕದಲದ ನಕ್ಷತ್ರ

ಸೆಂಗಮಲಮ್ಮನವರ ಎಡಗಣ್ಣು ನಡುಬೀದಿಯಲ್ಲೂ ಅರ್ಧ ಮುಚ್ಚಿಯೇ ಇರುತ್ತಿತ್ತು. ಇಪ್ಪತ್ತಾರು ವರ್ಷ ಬಲಗಣ್ಣೊಂದನ್ನೇ ಸೂಕ್ಷ್ಮದರ್ಶಕಕ್ಕೊತ್ತಿ, ಗಾಜಿನ ಫಲಕಗಳ ಮೇಲೆ ನಕ್ಷತ್ರದ ಬೆಳಕು ಬಣ್ಣಬಣ್ಣವಾಗಿ ಸೀಳಿ ಬಿಟ್ಟುಹೋದ ಕೂದಲೆಳೆಯಂಥ ಗೆರೆಗಳನ್ನು ಅಳೆದದ್ದರ ಫಲ ಅದು. ತರಕಾರಿಯವನೊಬ್ಬ ಇದನ್ನು ಕಣ್ಣು ಹೊಡೆದದ್ದೆಂದು ತಪ್ಪು ತಿಳಿದು ಹಲ್ಲುಕಿರಿದಾಗ, "ಏನಯ್ಯಾ ಕಿಸೀತೀಯ? ನಿನ್ನ ತಕ್ಕಡಿ ಓರೆಯಾಗಿದೆ, ಅದನ್ನ ನೋಡ್ತಿದೀನಿ" ಎಂದು ಗದರಿದ್ದರು. ತಕ್ಕಡಿ ನಿಜಕ್ಕೂ ಓರೆಯಾಗಿತ್ತು.

ನಮ್ಮ ಏಲಮಲೆಯ ವೀಕ್ಷಣಾಲಯದಲ್ಲಿ, ಸೀರೆಯ ಮೇಲೆ ತೀರಿಹೋದ ಗಂಡನ ಕಂದು ಕೋಟು ತೊಟ್ಟು, ಯಾವ ತಾರೆಯಲ್ಲಿ ಕಬ್ಬಿಣವೆಷ್ಟು, ಕ್ಯಾಲ್ಸಿಯಂ ಎಷ್ಟು ಎಂಬುದನ್ನು ಗೆರೆಗಳ ದಪ್ಪದಿಂದ ಕಂಡುಹಿಡಿಯುವುದಕ್ಕೆ ಅಂಕಿ ಒದಗಿಸುತ್ತಿದ್ದವರು ಆಕೆ. ಒಂದು ಹಟವಿತ್ತು. ಪ್ರತಿ ಸಲವೂ ಅದೇ ದೂರದರ್ಶಕದಲ್ಲಿ ಹಿಡಿದ ಚಂದ್ರನ ಫಲಕವನ್ನು ಮೊದಲು ಅಳೆಯದೆ ನಕ್ಷತ್ರವನ್ನು ಮುಟ್ಟುತ್ತಿರಲಿಲ್ಲ. ಚಂದ್ರನದು ಸೂರ್ಯನದೇ ಬೆಳಕಲ್ಲವೇ! "ಮನೆ ಸೇರು ಸರಿಯಿದೆಯಾ ಅಂತ ನೋಡ್ದೆ ಊರಕ್ಕಿ ಅಳೀಬಾರದು" ಎನ್ನುತ್ತಿದ್ದರು.

ತಂಗಿಯ ಬಾಣಂತನಕ್ಕೆಂದು ಆಕೆ ರಜೆಯ ಮೇಲೆ ಹೋದಾಗ ನಿರ್ದೇಶಕ ಪೊನ್ನಂಬಲಂ ತಾವೇ ಅಳೆಯಲು ಕೂತರು. ಚಂದ್ರಫಲಕವೆಂದು ಬರೆದಿದ್ದ ಲಕೋಟೆಯನ್ನು ತೆರೆಯಲೇ ಇಲ್ಲ; ಸೂರ್ಯನ ಹಳೆಯ ಅಂಕಿಪಟ್ಟಿಯೇ ಸಾಕೆಂದರು. ಧಾತುಧಾತುವಿಗೂ ಸೂರ್ಯನನ್ನೇ ಹೋಲುವ ನಕ್ಷತ್ರ ಸಿಕ್ಕಿತೆಂದು ಸಾರಿದರು. ಪತ್ರಿಕೆಗಳು 'ಸೂರ್ಯನ ಅವಳಿ' ಎಂದು ಕುಣಿದವು.

ಸೆಂಗಮಲಮ್ಮ ಮರಳಿ ಬಂದು ಫಲಕವನ್ನು ನೋಡಿದರು. ಆ ನಕ್ಷತ್ರ ನಮ್ಮಿಂದ ವೇಗವಾಗಿ ದೂರ ಸರಿಯುತ್ತಿರುವುದು ಎಲ್ಲರಿಗೂ ಗೊತ್ತಿದ್ದದ್ದೇ. ಹಾಗೆ ದೂರವಾಗುವ ನಕ್ಷತ್ರದ ಗೆರೆಗಳೂ ಫಲಕದ ಮೇಲೆ ಕೆಂಪಿನ ಕಡೆಗೆ ಸರಿದಿರಬೇಕಿತ್ತು. ಸರಿದಿರಲಿಲ್ಲ. ಚಂದ್ರನ ಲಕೋಟೆ ಬಿಚ್ಚಿದರೆ, ಸರಿದ ಗೆರೆಗಳ ನಕ್ಷತ್ರ ಅದರೊಳಗಿತ್ತು!

"ಸಾರ್, ಲಕೋಟೆ ಅದಲುಬದಲಾಗಿದೆ. ನೀವು ಸೂರ್ಯನ್ನೇ ಸೂರ್ಯನ ಪಕ್ಕ ಇಟ್ಟು ಅವಳಿ ಅಂದ್ಬಿಟ್ರಿ."

ನಿರ್ದೇಶಕರು ನೋಡಿದರು. ಲಕೋಟೆಯನ್ನು ಮೆಲ್ಲನೆ ಮಗುಚಿಟ್ಟರು. ಅವರಿಗೆ ಅರ್ಥವಾಗಿತ್ತು, ನನಗೆ ಇಂದಿಗೂ ಮೈ ಉರಿಯುವುದು ಅದಕ್ಕೇ.

"ಪೇಪರಲ್ಲಿ ಬಂದಾಗಿದೆ ಅಮ್ಮಾ. ಅಳತೆಪುಸ್ತಕಕ್ಕೊಂದು ಸಹಿ ಹಾಕ್ಬಿಡು."

"ಸುಳ್ಳಿಗೆ ಸಹಿನಾ? ಬೇಕಾದ್ರೆ ಕೈ ಕಡೀರಿ."

"ಹತ್ತನೇ ಕ್ಲಾಸು ಓದಿದೋಳು ನಂಗೆ ಪಾಠ ಹೇಳ್ತೀಯಾ?"

"ಅಳೆಯೋಕೆ ಕಣ್ಣು ಬೇಕು ಸಾರ್, ಕ್ಲಾಸಲ್ಲ."

ಮರುವಾರವೇ ಆಕೆಯನ್ನು ಸೂಕ್ಷ್ಮದರ್ಶಕದಿಂದ ಎಬ್ಬಿಸಿ, ಗ್ರಂಥಾಲಯದ ಪುಸ್ತಕಗಳಿಗೆ ರಟ್ಟು ಹಾಕಲು ಕೂರಿಸಿದರು. ಹೋಗುವ ಮುನ್ನ ಆಕೆ ಎರಡು ಫಲಕಗಳನ್ನೂ ಸರಿಯಾದ ಲಕೋಟೆಗೆ ಸೇರಿಸಿ, ಕೆಂಪು ಶಾಯಿಯಲ್ಲಿ ತಾರೀಖು ಬರೆದು ಸಹಿ ಹಾಕಿದ್ದರು. ಆ ಸಹಿ ಮಾತ್ರ ಯಾರೂ ಕೇಳದೆ ಹಾಕಿದ್ದು. ವೀಕ್ಷಣಾಲಯದಲ್ಲಿ ನಾವು ಹನ್ನೊಂದು ಮಂದಿ ಸಹೋದ್ಯೋಗಿಗಳಿದ್ದೆವು, ಒಬ್ಬರೂ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ.

ಆರು ವರ್ಷದ ಮೇಲೆ, ಹೊಸದಾಗಿ ಬಂದ ಸಂಶೋಧಕಿ ಯಾಳಿನಿ ಆ ನಕ್ಷತ್ರವನ್ನು ಮತ್ತೆ ಅಳೆದಳು. ಕಬ್ಬಿಣ ಸೂರ್ಯನಲ್ಲಿರುವುದರ ಅರ್ಧದಷ್ಟೂ ಇರಲಿಲ್ಲ. ಕೆಂಪು ಶಾಯಿಯ ಲಕೋಟೆ ಹಿಡಿದು ಗ್ರಂಥಾಲಯಕ್ಕೆ ಓಡಿಬಂದಳು.

"ಅಮ್ಮಾ, ನೀವು ಹೇಳಿದ್ದೇ ಸರಿ!"

ಸೆಂಗಮಲಮ್ಮ ಅಂಟಿನ ಕೈ ಒರೆಸಿಕೊಂಡು, ಎಡಗಣ್ಣು ಅರ್ಧ ಮುಚ್ಚಿ ಕೇಳಿದರು: "ಮೊದಲು ಚಂದ್ರನ್ನ ಅಳೆದೆಯಾ?"

ಇಂಥವರಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆಂದು ಲೋಕ ದೂರುತ್ತದೆ. ಓರೆ ತಕ್ಕಡಿಗಳ ನಡುವೆ ನೆಟ್ಟಗೆ ನೋಡುವವರು ಸಿಟ್ಟಾಗದೆ ಇನ್ನೇನು ಮಾಡಬೇಕು? ಅವರನ್ನು ಕುರುಡರನ್ನಾಗಿ ಮಾಡಲು ಒಬ್ಬ ನಿರ್ದೇಶಕನಿಂದ ಆಗದು. ಅವರನ್ನು ಒಂಟಿ ಮಾಡಲು ಮಾತ್ರ, ಎರಡೂ ಕಣ್ಣು ನೆಟ್ಟಗಿರುವ ನಮ್ಮಂಥ ಹನ್ನೊಂದು ಜನ ಸಾಕು.