ಮೈಥಿಲಿಯವರು ಕಲಿತ ಗಿರಣಿ ಹಾಡು

ಲಿವರ್‌ಮೋರ್ ದೇವಸ್ಥಾನದ ಅಡಿಗೆಮನೆಯಲ್ಲಿ ಬೀನ್ಸ್ ಹೆಚ್ಚುತ್ತ ಮೈಥಿಲಿಯವರು ಗುನುಗುತ್ತಿದ್ದುದನ್ನು ನಾನು ಬಹುಕಾಲ ಯಾವುದೋ ಅಪರೂಪದ ಸ್ತೋತ್ರವೆಂದೇ ನಂಬಿದ್ದೆ. ನಂಬಿ ಸುಮ್ಮನಿದ್ದರೆ ಕ್ಷೇಮವಿತ್ತು. ಕನ್ನಡ ಕೂಟದ ಸಂಚಿಕೆಗೆ ಸಂಪಾದಕನೆಂಬ ಭಾರವೂ ಹೆಗಲ ಮೇಲಿದ್ದುದರಿಂದ, ಕೊತ್ತಂಬರಿ ಬಿಡಿಸುತ್ತಿದ್ದವರಿಗೆಲ್ಲ ಅದರ ಛಂದಸ್ಸನ್ನು ವಿವರಿಸಿಬಿಟ್ಟೆ. ಮೈಥಿಲಿಯವರು ಚಾಕು ನಿಲ್ಲಿಸದೆ ಹೇಳಿದರು: “ಸ್ತೋತ್ರ ಅಲ್ಲ ಸಾರ್, ಕ್ಯಾಟಲನ್ ಹಾಡು. ಬಾರ್ಸಿಲೋನಾ ಕಡೆ ಭಾಷೆ. ಇರ್ಲಿ ಬಿಡಿ, ನೀವು ಹೇಳಿದ್ದೂ ಚೆನ್ನಾಗಿತ್ತು.”

‘ಇರ್ಲಿ ಬಿಡಿ’ ಎಂಬುದು ಅವರ ಮಾತಿನ ಪೂರ್ಣವಿರಾಮ. ನಡಿಗೆ ಮಾತ್ರ ವಿರಾಮವನ್ನೇ ಅರಿಯದ್ದು: ಎರಡೂ ಕೈಯಲ್ಲಿ ಗ್ರೋಸರಿ ಚೀಲ ಹಿಡಿದು, ಗಾಳಿಯೇ ಇಲ್ಲದ ದಿನವೂ ಎದುರುಗಾಳಿಯನ್ನು ಸೀಳುವವರಂತೆ ಮುಂದಕ್ಕೆ ಬಾಗಿ ನಡೆಯುತ್ತಾರೆ. ಮೈಸೂರಿನಲ್ಲಿ ರಸಾಯನಶಾಸ್ತ್ರ ಪಾಠ ಹೇಳುತ್ತಿದ್ದವರು. ಗಂಡನ ವೀಸಾಕ್ಕೆ ಜೋತುಬಿದ್ದ ಅವರ ವೀಸಾ ದುಡಿಯುವ ಹಕ್ಕನ್ನು ಕೊಡದ ಮೊದಲ ವರ್ಷಗಳಲ್ಲಿ, ಮಗಳು ಐಶ್ವರ್ಯಾಳ ಡೇಕೇರಿಗೆ ಸಂಬಳವಿಲ್ಲದೆ ಕತೆ ಹೇಳಲು ಹೋಗುತ್ತಿದ್ದರು. ಅಲ್ಲಿ ಮಕ್ಕಳನ್ನು ಮಲಗಿಸುತ್ತಿದ್ದ ನೂರಿಯಾ ಎಂಬ ಕ್ಯಾಟಲನ್ ಮುದುಕಿ ಈ ಹಾಡನ್ನು ಕಲಿಸಿದಳು. ಆಕೆಯ ಅಜ್ಜಿ ಹೊಳೆದಂಡೆಯ ಬಟ್ಟೆ ಗಿರಣಿಯಲ್ಲಿ ನೇಯ್ದವಳು. ಅರ್ಥವನ್ನು ಮೈಥಿಲಿಯವರೇ ನನಗೆ ಸಾಲುಸಾಲಾಗಿ ಬಿಡಿಸಿ ಹೇಳಿದ್ದರು. ಹಾಡಿನ ಹೆಂಗಸು ಹೊಳೆಯನ್ನು ಕೇಳುತ್ತಾಳಂತೆ: ಯಾರ ಅಪ್ಪಣೆಯೂ ಇಲ್ಲದೆ ನೀನು ಕಡಲಿಗೆ ಹೋಗುತ್ತೀಯಲ್ಲ, ನನಗೇಕೆ ಈ ಗಿರಣಿಯ ಗಂಟೆ? ದೂರ ಹೋದವನು ಬರಲಿಲ್ಲ, ಒಲೆಯಲ್ಲಿ ಬೂದಿ ಉಳಿದಿದೆ. ಆದರೂ ನಾಳೆ ಗಂಟೆ ಹೊಡೆಯುವ ಮೊದಲೇ ಮಗ್ಗದ ಮುಂದೆ ನಾನಿರುತ್ತೇನೆ. ಆ ಭಾಷೆಯಲ್ಲಿ ಮೈಥಿಲಿಯವರಿಗೆ ಒಂದು ಲೋಟ ನೀರು ಕೇಳಲು ಬಾರದು. ಹೊಳೆಯೊಡನೆ ಜಗಳವಾಡಲು ಬರುತ್ತದೆ.

ಈ ಚಳಿಗಾಲ ಗಂಡ ಅಚ್ಯುತರ ಮೆನ್ಲೋ ಪಾರ್ಕ್ ಊರಿನ ಕಂಪನಿ ಕೆಲಸ ಹೋಯಿತು. ವೀಸಾ ಆ ಕೆಲಸಕ್ಕೇ ಅಂಟಿಕೊಂಡದ್ದು. ಬೇಗನೆ ಇನ್ನೊಂದು ಸಿಗದಿದ್ದರೆ, ಹೈಸ್ಕೂಲಿನ ಕೊನೆಯ ವರ್ಷದಲ್ಲಿರುವ ಮಗಳನ್ನೂ ಎಬ್ಬಿಸಿಕೊಂಡು ಮೂವರೂ ದೇಶ ಬಿಡಬೇಕು. ಸಾಂತ್ವನದ ಭಾಷಣವೊಂದನ್ನು ಫ್ರೀವೇಯುದ್ದಕ್ಕೂ ಅಭ್ಯಾಸ ಮಾಡಿಕೊಂಡು ಪ್ಲೆಸೆಂಟನ್ನಿನ ಅವರ ಅಪಾರ್ಟ್‌ಮೆಂಟಿಗೆ ಹೋದೆ. ಅಚ್ಯುತರು ಪೈಜಾಮದ ಮೇಲೆ ಇಸ್ತ್ರಿಯ ಅಂಗಿ ತೊಟ್ಟು, ಇಂಟರ್ವ್ಯೂ ಮುಗಿಸಿ, ಮುಚ್ಚಿದ ಲ್ಯಾಪ್‌ಟಾಪನ್ನೇ ನೋಡುತ್ತ ಕುಳಿತಿದ್ದರು. ಅಡಿಗೆಮನೆಯಿಂದ ಹಾಡು ಬರುತ್ತಿತ್ತು.

“ಇದೂ ಆಗ್ಲಿಲ್ಲ ಸಾರ್,” ಎಂದರು. “ಆದ್ರೂ ಅವಳು ಹಾಡ್ತಿದ್ರೆ ನನಗೊಂದು ಧೈರ್ಯ. ಏನೋ ಜೋಗುಳ ಅಂತೆ.”

“ಅಮ್ಮ ಈಸ್ ಸೋ ಚಿಲ್, ಅಂಕಲ್,” ಎಂದಳು ಐಶ್ವರ್ಯಾ, ಪುಸ್ತಕದಿಂದ ತಲೆಯೆತ್ತದೆ.

ಕಾಫಿ ಲೋಟ ಇಡುವ ನೆವದಲ್ಲಿ ಒಳಗೆ ಹೋದೆ. ಹಾಡಿನಲ್ಲಿ ಒಲೆಯ ಬೂದಿಯ ಸಾಲು ನಡೆಯುತ್ತಿತ್ತು. ಮೈಥಿಲಿಯವರ ಕಣ್ಣು ಕೆಂಪಾಗಿ ಊದಿಕೊಂಡಿತ್ತು. ಲಟ್ಟಿಸಿದ ಚಪಾತಿ ಮಾತ್ರ ಎಂದಿನಂತೆ ದುಂಡಗಿತ್ತು. ಭಾಷಣವನ್ನು ಬದಿಗಿಟ್ಟು ಲೋಟ ತೊಳೆಯತೊಡಗಿದೆ. ಮನೆಯ ತೊಲೆ ಜರುಗಿದಾಗ ಕೂಗಿ ಊರು ಸೇರಿಸುವವರು ಕೆಲವರು. ತಲೆಕೊಟ್ಟು ನಿಲ್ಲುವವರು ಇನ್ನು ಕೆಲವರು. ಇವರಿಗೆ ದುಃಖವೂ ಒಂದು ಮನೆಗೆಲಸವೇ, ಬೇರೆಯವರ ಕಾಲಿಗೆ ತೊಡರದ ಹಾಗೆ ಮಾಡಿ ಮುಗಿಸುತ್ತಾರೆ.

ಇಷ್ಟೆಲ್ಲ ಹೊಳೆದ ಮೇಲಾದರೂ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಸಂಪಾದಕನಲ್ಲವೇ, ಕೇಳಿಯೇ ಬಿಟ್ಟೆ: “ಯಾಕಮ್ಮ, ಇಂಥದ್ದು ಒಂದು ಹಾಡು ನಮ್ಮ ಕನ್ನಡದಲ್ಲಿ ಸಿಗಲಿಲ್ಲವೇ?”

ಅವರು ಹೊರಕೋಣೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು.

“ಬೇಕಾದಷ್ಟಿವೆ. ಕನ್ನಡದಲ್ಲಿ ಹಾಡಿದ್ರೆ ಅವರಿಬ್ಬರಿಗೂ ಅರ್ಥ ಆಗತ್ತೆ ಸಾರ್.”