ಕೈ ಹೋಗದ ಮನೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುವ ಮಾತನ್ನು ಬಡಗಿ ಅಜ್ಜ ನಲವತ್ತು ವರ್ಷ ಗಿರಾಕಿಗಳ ಬಾಯಿಂದ ಕೇಳಿ ನಕ್ಕಿದ್ದ. ಆದರೆ ಮದುವೆ ಮಾಡಿದರೆ ಬೀಗರು ಬರುತ್ತಾರೆ, ಬಂದ ಬೀಗರು ನಾವು ಕಟ್ಟಿದ ಮನೆಯೊಳಕ್ಕೆ ನುಗ್ಗಿ ಕೂರುತ್ತಾರೆ ಎಂದು ಯಾವ ಗಿರಾಕಿಯೂ ಅವನಿಗೆ ಹೇಳಿರಲಿಲ್ಲ.

ಮನೆಯೆಂದರೆ ದೊಡ್ಡ ಮನೆಯಲ್ಲ, ಒಂದೂವರೆ ಗೇಣು ಎತ್ತರದ ಗೊಂಬೆಮನೆ. ಏಳು ವರ್ಷದ ಮೊಮ್ಮಗಳು "ಅಜ್ಜಾ, ನನ್ನ ಗೊಂಬೆಗೆ ಇರೋಕೆ ಮನೇನೇ ಇಲ್ಲ" ಎಂದದ್ದೇ ತಡ, ಕೆಲಸ ಬಿಟ್ಟಂದಿನಿಂದ ಅಟ್ಟ ಸೇರಿದ್ದ ಉಳಿ, ಗರಗಸಗಳೆಲ್ಲ ಕೆಳಗಿಳಿದವು. ನಿಜವಾದ ಮನೆಯ ಒಂದು ಅಡಿಗೆ ಇಲ್ಲಿ ಅರ್ಧ ಅಂಗುಲದ ಲೆಕ್ಕ. ಎರಡು ಮಹಡಿ, ಹದಿಮೂರು ಮೆಟ್ಟಿಲು, ಇಳಿಜಾರು ಸೂರು, ಒಂದೂಕಾಲು ಅಂಗುಲ ಅಗಲದ ಮುಂಬಾಗಿಲು. ಒಂದೇ ಒಂದು ಮೊಳೆ ಹೊಡೆಯದೆ, ಮರಕ್ಕೆ ಮರ ಕಚ್ಚಿಸಿಯೇ ನಿಲ್ಲಿಸಿದ. ನಾಲ್ಕು ತಿಂಗಳು ಹಿಡಿಯಿತು. ಇಂಥ ಮನೆಗಳಿಗೆ ಮುಂದಿನ ಗೋಡೆಯನ್ನು ಕಪಾಟಿನ ಬಾಗಿಲಿನ ಹಾಗೆ ತೆರೆಯುವಂತೆ ಮಾಡುತ್ತಾರೆ ಎಂದು ಸೊಸೆ ಒಮ್ಮೆ ಹೇಳಿದ್ದಳು.

"ಗೋಡೆ ತೆರೆಯುತ್ತೇನಮ್ಮಾ? ಮನೆ ಅಂದ್ಮೇಲೆ ಬಾಗಿಲಿಂದ ಒಳಗೆ ಹೋಗ್ಬೇಕು" ಎಂದು ಅವಳ ಬಾಯಿ ಮುಚ್ಚಿಸಿದ್ದ. ನಾಲ್ಕೂ ಗೋಡೆ ಭದ್ರವಾಗಿ ಕೂರಿಸಿ, ಸೂರನ್ನೂ ಬಿಗಿದ. ನಿಜವಾದ ಮನೆ ಹೇಗಿರುತ್ತದೋ ಹಾಗೆ.

ತೊಂದರೆ ಗೊತ್ತಾದದ್ದು ಗೊಂಬೆ ಒಳಗೆ ಹೋದ ಮೇಲೆ. ಹೋದದ್ದು ಹೋಯಿತು, ಈಚೆ ಬರಲಿಲ್ಲ. ಅದನ್ನು ಹಿಡಿಯಲು ತೂರಿಸಿದ ಅಜ್ಜನ ಎರಡು ದಪ್ಪ ಬೆರಳು ಅವನೇ ಕೊರೆದ ಬಾಗಿಲಲ್ಲಿ ಎರಡನೆಯ ಗೆಣ್ಣಿಗೇ ಸಿಕ್ಕಿಕೊಂಡವು. ಅಷ್ಟರಲ್ಲಿ ಬೀಗರು ಬಂದರು.

ಬೀಗರೆಂದರೆ ಸೊಸೆಯ ಅಪ್ಪ, ಗಡಿಯಾರ ರಿಪೇರಿಯವರು. ಅಂಗಡಿ ಮುಚ್ಚಿ ಮೂರು ಬೀದಿ ಆಚೆಗೆ ಬಂದು ನೆಲೆಸಿದ್ದರು. ಮೊಮ್ಮಗಳಿಗೆ ಇವನು ಅಜ್ಜ, ಅವರು ತಾತ. ಅವರು ಜೇಬಿನಿಂದ ಉದ್ದದ ಚಿಮಟ ತೆಗೆದು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಗೊಂಬೆಯನ್ನು ಸೊಂಟದಲ್ಲಿ ಹಿಡಿದು ಸಲೀಸಾಗಿ ಈಚೆಗೆ ತಂದರು. ಮೊಮ್ಮಗಳು ಚಪ್ಪಾಳೆ ತಟ್ಟಿದಳು. ನಾಲ್ಕು ತಿಂಗಳಲ್ಲಿ ಅಜ್ಜನಿಗೆ ಒಂದು ಚಪ್ಪಾಳೆಯೂ ಸಿಕ್ಕಿರಲಿಲ್ಲ.

ಅಲ್ಲಿಂದ ಶುರುವಾಯಿತು. ಮಧ್ಯಾಹ್ನ ನಾಲ್ಕಕ್ಕೆ ಶಾಲೆ ಬಿಡುತ್ತಲೇ ತಾತ ಅವಳನ್ನು ಕರೆದುಕೊಂಡು ಬರುವುದು, ನಡುಮನೆಯ ಮೇಜಿನ ಮುಂದೆ ಇಬ್ಬರೂ ತಲೆಗೆ ತಲೆ ತಾಗಿಸಿ ಕೂರುವುದು. ದಿನಕ್ಕೊಂದು ಸಾಮಾನು. ಬೆರಳುಗುರಿನಷ್ಟು ಕುರ್ಚಿ, ಕೈಗಡಿಯಾರದ ಗಾಜಿನಿಂದ ಮಾಡಿದ ಕನ್ನಡಿ, ಗುಂಡಿಯಷ್ಟು ತಟ್ಟೆಗಳ ಕಪಾಟು. ಅವಳು "ಇಲ್ಲಿ ತಾತ, ಅಲ್ಲಿ ತಾತ" ಎಂದು ಬೊಟ್ಟು ಮಾಡುವಳು, ಅವರು ಕಿಟಕಿಯಿಂದ ಚಿಮಟ ತೂರಿಸಿ ಇಡುವರು. ನಡುನಡುವೆ "ನಾನು ಇಡ್ಲಾ ತಾತ?" ಎನ್ನುವಳು. "ಬೇಡ ಪುಟ್ಟಿ, ಮುರಿದುಹೋಗುತ್ತೆ" ಎನ್ನುವರು. ಪಡಸಾಲೆಯಲ್ಲಿ ಪೇಪರು ಹಿಡಿದು ಕೂತ ಅಜ್ಜನಿಗೆ ಅವಳ ನಗುವೊಂದು ಬಿಟ್ಟು ಬೇರೇನೂ ಕೇಳಿಸುತ್ತಿರಲಿಲ್ಲ.

"ಪೇಪರು ತಲೆಕೆಳಗಾಗಿದೆ" ಎಂದಳು ಹೆಂಡತಿ.

"ಇರ್ಲಿ ಬಿಡು. ಕಟ್ಟೋನು ಒಬ್ಬ, ಮೆರೆಯೋನು ಇನ್ನೊಬ್ಬ."

"ಅಯ್ಯೋ, ಹೊಟ್ಟೇಲಿ ಒಲೆ ಹಚ್ಕೊಂಡು ಕೂತಿದ್ದೀರಲ್ಲ. ಅದರ ಮೇಲೆ ಎರಡು ಲೋಟ ನೀರಾದ್ರೂ ಕಾಯಿಸ್ಲಾ?"

ಹೌದು, ಹೊಟ್ಟೆಯಲ್ಲಿ ಒಲೆ ಉರಿಯುತ್ತಿತ್ತು. ಬೀಗರ ತೆಳ್ಳನೆಯ ಬೆರಳುಗಳನ್ನು ಕಂಡರೆ ಉರಿ, ಅವರ ಮೆಲುದನಿ ಕೇಳಿದರೆ ಉರಿ. ಕೊನೆಗೆ ಅವರು ಹೆಂಗಸರ ಕೈಗಡಿಯಾರವೊಂದರ ಒಳಭಾಗವನ್ನು ಮೂರಂಗುಲದ ಮರದ ಪೆಟ್ಟಿಗೆಯಲ್ಲಿ ಕೂರಿಸಿ, ಮಹಡಿಯ ಮೇಲೆ ನಿಲುಗಡಿಯಾರ ಮಾಡಿ ನಿಲ್ಲಿಸಿದರಲ್ಲ, ಅಂದು ಅಜ್ಜನಿಗೆ ಊಟ ಸೇರಲಿಲ್ಲ. ಅದು ನಡೆಯುತ್ತಿತ್ತು! ಕಿಟಕಿಗೆ ಕಿವಿಯಿಟ್ಟರೆ ಟಿಕ್ ಟಿಕ್. ಮೊಮ್ಮಗಳು ಅದನ್ನು ನೋಡಿಯೇ ಗಂಟೆ ಓದುವುದನ್ನು ಕಲಿತಳು. ಪಕ್ಕದ ಮನೆಯ ಗೆಳತಿಯನ್ನು ಕರೆತಂದು "ಇದು ನಮ್ಮ ತಾತನ ಮನೆ" ಎಂದು ತೋರಿಸಿದಳು.

ತಾತನ ಮನೆ. ಅಜ್ಜ ಅಂದೇ ಒಂದು ಮಂಚಕ್ಕೆ ಕೈ ಹಾಕಿದ.

ಹತ್ತು ದಿನ ಯಾರಿಗೂ ತೋರಿಸದೆ ಕೆತ್ತಿದ. ಬೀಟೆ ಮರದ ಚೂರು, ಕಡೆದ ಕಾಲುಗಳು, ತಲೆಯ ಕಡೆ ಬಳ್ಳಿಯ ಚಿತ್ತಾರ. ಅಂಥ ಮಂಚವನ್ನು ಅವನು ದೊಡ್ಡ ಅಳತೆಯಲ್ಲೂ ಮಾಡಿರಲಿಲ್ಲ. ಮುಗಿದ ದಿನ ಮನೆಯಲ್ಲಿ ಯಾರೂ ಇರಲಿಲ್ಲ. ಮಗ ಸೊಸೆ ಕೆಲಸಕ್ಕೆ ಹೋಗಿದ್ದರು, ಹೆಂಡತಿ ನೆರೆಮನೆಗೆ. ಬೀಗರು ಶಾಲೆಯ ಗೇಟಿನ ಹತ್ತಿರ ನಿಂತಿರುವ ಹೊತ್ತು. ಅವರು ಬರುವುದರೊಳಗೆ ಮಂಚ ಒಳಗಿರಬೇಕು, ಅವಳು ತಾನಾಗಿ ಕಂಡು "ಇದ್ಯಾರು ಮಾಡಿದ್ದು?" ಎಂದು ಕಿರುಚಬೇಕು.

ಮಂಚ ಬಾಗಿಲಲ್ಲಿ ಹೋಗಲಿಲ್ಲ.

ನೇರವಾಗಿ ಹಿಡಿದ, ಮಗ್ಗುಲಾಗಿ ಹಿಡಿದ, ತಲೆಕೆಳಗು ಮಾಡಿದ. ಒಂದು ಎಳೆಯಷ್ಟು ಹೆಚ್ಚು. ಮಂಚವನ್ನು ಬಿಡಿಬಿಡಿಯಾಗಿ ಒಯ್ದು ಕೋಣೆಯೊಳಗೇ ಜೋಡಿಸಬೇಕೆಂದು ನಲವತ್ತು ವರ್ಷದಲ್ಲಿ ಎಷ್ಟು ಹುಡುಗರಿಗೆ ಬೈದು ಹೇಳಿಕೊಟ್ಟಿದ್ದನೋ! ಈಗ ತಾನೇ ಹೊರಗೆ ಜೋಡಿಸಿ, ಬಿಚ್ಚಲಾಗದಂತೆ ಅಂಟು ಹಾಕಿ ತಂದಿದ್ದ. ಒತ್ತಿದ. ಸಿಕ್ಕಿಕೊಂಡಿತು. ಎಳೆದ, ಬರಲಿಲ್ಲ. ಒಳಗಿನಿಂದ ಆ ದರಿದ್ರ ಗಡಿಯಾರ ಟಿಕ್ ಟಿಕ್ ಎಂದು ಹಲ್ಲು ಕಿರಿದಂತಾಯಿತು. ಅಜ್ಜ ಎರಡೂ ಕೈಯಲ್ಲಿ ಮನೆಯನ್ನು ಎತ್ತಿ ಗಡಗಡನೆ ಅಲ್ಲಾಡಿಸಿದ.

ಮಂಚ ಬಾಗಿಲಿಂದ ಕಳಚಿ ಮೇಜಿನ ಮೇಲೆ ಬಿತ್ತು. ಒಳಗೆ ಗಲಗಲ ಸದ್ದಾಯಿತು. ಆಮೇಲೆ ಯಾವ ಸದ್ದೂ ಇಲ್ಲ, ಟಿಕ್ ಟಿಕ್ ಕೂಡ ಇಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಒಂದು ಗಳಿಗೆ ಅವನಿಗೆ ಹಾಯೆನಿಸಿತು. ಮರುಗಳಿಗೆಯಲ್ಲಿ ಮನೆಯನ್ನು ಮೆಲ್ಲಗೆ ಕೆಳಗಿಟ್ಟು ಕಿಟಕಿಗೆ ಕಿವಿಯಿಟ್ಟ. ಮಂಚವನ್ನು ಜೇಬಿಗಿಳಿಸಿ ಪಡಸಾಲೆಗೆ ಹೋಗಿ ಪೇಪರು ಹಿಡಿದು ಕೂತ.

ಮೊಮ್ಮಗಳು ಬಂದವಳೇ ಕಿಟಕಿಗೆ ಕಣ್ಣಿಟ್ಟು ಹೋ ಎಂದು ಅತ್ತಳು. ಬೀಗರು ಚಿಮಟ ತೂರಿಸಿದರು. ಕಪಾಟು ಉರುಳಿ ಮೆಟ್ಟಿಲಿಗೆ ಅಡ್ಡ ಬಿದ್ದಿತ್ತು, ಗೊಂಬೆ ಅದರಡಿಗೆ ಸಿಕ್ಕಿತ್ತು. ಅರ್ಧ ಗಂಟೆ ತಿಣುಕಿದರು. ಮೊದಲ ಸಲ ಅವರ ಚಿಮಟ ಹಿಡಿತ ತಪ್ಪಿ ಜಾರಿದ್ದನ್ನು ಪಡಸಾಲೆಯಿಂದ ಎದ್ದು ಬಂದ ಅಜ್ಜ ಕಂಡ. ಕಾಣಬೇಕೆಂದು ಎಷ್ಟು ದಿನ ಹಂಬಲಿಸಿದ್ದನೋ, ಈಗ ಕಂಡರೆ ಸುಖವೇ ಆಗಲಿಲ್ಲ.

"ಆಗಲ್ಲ ಬೀಗರೆ" ಎಂದರು ಅವರು. "ನನ್ನ ಕೈಲಾಗಲ್ಲ."

ಅಜ್ಜ ಒಳಗೆ ಹೋಗಿ ಸಣ್ಣ ಹಲ್ಲಿನ ಗರಗಸ ತಂದ. ಮುಂದಿನ ಗೋಡೆಯ ಮೂಲೆಗಿಟ್ಟ. ಮರಕ್ಕೆ ಮರ ಕಚ್ಚಿಸಿದ ಒಂದೊಂದು ಜೋಡಣೆಯನ್ನೂ ಗರಗಸ ಕತ್ತರಿಸುತ್ತ ಇಳಿಯಿತು. ನಾಲ್ಕು ತಿಂಗಳ ಕೆಲಸ ಹೊಟ್ಟಾಗಿ ಮೇಜಿನ ಮೇಲೆ ಉದುರಿತು. ಗೋಡೆ ಇಡಿಯಾಗಿ ಕೈಗೆ ಬಂತು.

ಬೀಗರು ಮೊದಲು ಎತ್ತಿಕೊಂಡದ್ದು ಗಡಿಯಾರವನ್ನು. ಬಿದ್ದ ಕ್ಷಣಕ್ಕೆ ನಿಂತಿತ್ತು. ನಾಲ್ಕು ಗಂಟೆ ಹತ್ತು ನಿಮಿಷ. ಆ ಹೊತ್ತಿಗೆ ಮನೆಯಲ್ಲಿ ಯಾರಿದ್ದರು ಎಂದು ತಿಳಿಯಲು ಭೂತಗನ್ನಡಿ ಬೇಕಿರಲಿಲ್ಲ. ಅವರು ತಲೆಯೆತ್ತಿ ಅಜ್ಜನನ್ನು ನೋಡಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡಂತೆ ಅಜ್ಜನ ಕೈ ತಾನಾಗಿ ಜೇಬಿಗೆ ಹೋಯಿತು. ಗಂಟೆ ಓದಲು ಬಲ್ಲ ಹುಡುಗಿ ಇತ್ತ ತಿರುಗುವುದರೊಳಗೆ ಬೀಗರು ಉಗುರಿನಿಂದ ಮುಳ್ಳುಗಳನ್ನು ಮುಂದಕ್ಕೆ ತಿರುಗಿಸಿಬಿಟ್ಟರು.

"ಯಾಕೆ ಬಿತ್ತು ತಾತ?"

"ನಾನೇ ಸರಿಯಾಗಿ ನಿಲ್ಲಿಸಿರ್ಲಿಲ್ಲ ಪುಟ್ಟಿ."

ಅಜ್ಜನ ಹೊಟ್ಟೆ ಮತ್ತೆ ಉರಿಯಿತು, ಹಿಂದೆಂದಿಗಿಂತ ಜೋರಾಗಿ. ಬೆರಳಿನಲ್ಲಿ ಗೆದ್ದದ್ದು ಸಾಲದೆಂದು ಇವರು ಒಳ್ಳೆಯತನದಲ್ಲೂ ಗೆಲ್ಲಬೇಕೆ? ಅದನ್ನು ಮಾತ್ರ ಬಿಟ್ಟುಕೊಡಲಾರ.

"ಅವರಲ್ಲ, ನಾನು" ಎಂದ. "ನಾನೇ ಅಲ್ಲಾಡಿಸ್ದೆ. ಹೊಟ್ಟೆಕಿಚ್ಚಿಗೆ." ಜೇಬಿನಿಂದ ಮಂಚ ತೆಗೆದು ಮೇಜಿನ ಮೇಲಿಟ್ಟ. "ಇದು ಒಳಗೆ ಹೋಗ್ಲಿಲ್ಲ."

ಮೊಮ್ಮಗಳು ಮಂಚವನ್ನೂ ಅಜ್ಜನ ಮುಖವನ್ನೂ ನೋಡಿದಳು. "ಹೊಟ್ಟೆಕಿಚ್ಚು ಅಂದ್ರೆ?"

"ಇನ್ನೊಬ್ರಿಗೆ ಸಿಕ್ಕಿದ್ದು ನಮಗೆ ಸಿಗ್ಲಿಲ್ಲ ಅಂತ ಉರಿಯುತ್ತಲ್ಲ, ಅದು."

ಅವಳು ಮೂಗು ಒರೆಸಿಕೊಂಡಳು. "ಹಾಗಾದ್ರೆ ನಂಗೂ ಇತ್ತು."

"ಯಾರ ಮೇಲೆ?" ಇಬ್ಬರೂ ಒಟ್ಟಿಗೇ ಕೇಳಿದರು.

"ನಿಮ್ಮಿಬ್ಬರ ಮೇಲೂ. ಮನೆ ನಿಂದು ಅಂತೀರ, ಆಡೋದೆಲ್ಲ ನೀವೇ. ನಾನು ಒಂದ್ಸಲಾನೂ ಒಳಗೆ ಕೈ ಹಾಕಿಲ್ಲ."

ಮುದುಕರಿಬ್ಬರೂ ಒಂದೊಂದು ಹೆಜ್ಜೆ ಹಿಂದೆ ಸರಿದು ಅವಳಿಗೆ ಜಾಗ ಬಿಟ್ಟರು. ಅವಳು ಮೊಣಕೈವರೆಗೆ ಕೈ ಹಾಕಿ ಇದ್ದಬದ್ದದ್ದನ್ನೆಲ್ಲ ಈಚೆಗೆ ಬಾಚಿದಳು. ಒಂದು ಕುರ್ಚಿಯ ಕಾಲು ಲಟಕ್ಕೆಂದಿತು. ಬೀಗರ ಕೈ ಚಿಮಟದ ಕಡೆಗೆ ಹೋದದ್ದು ಕಂಡು ಅಜ್ಜ ಮಣಿಕಟ್ಟು ಹಿಡಿದ.

"ಬಿಡಿ ಬೀಗರೆ. ಮುರೀಲಿ. ನಾಳೆ ಇಬ್ರೂ ಕೂತು ಗೋಡೆಗೆ ಕೀಲು ಹಾಕೋಣ. ಅಷ್ಟು ಸಣ್ಣ ಕೀಲು ನನ್ನ ಕೈಲಾಗಲ್ಲ."

ಅವಳು ಮೊದಲು ಮಂಚವನ್ನೆತ್ತಿ ಅಡುಗೆಮನೆಯ ನಡುವೆ ಇಟ್ಟಳು. ಅಲ್ಲಿ ಯಾರಾದರೂ ಮಂಚ ಹಾಕುತ್ತಾರೆಯೇ ಎಂಬ ಮಾತು ಅಜ್ಜನ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡ. ಗಡಿಯಾರವನ್ನು ಅವಳು ಎಲ್ಲಕ್ಕಿಂತ ಕೊನೆಗೆ ಇಟ್ಟಳು. ಯಾರದ್ದು ಮೊದಲು, ಯಾರದ್ದು ಕೊನೆಗೆ ಎಂಬುದನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳಬಾರದು ಎಂದುಕೊಂಡ ಅಜ್ಜ. ಆದರೂ ತೆಗೆದುಕೊಂಡ.